ಎಣ್ಣೆ ಕುಡಿದ ಹಲಸಿನ ಮಣೆ

"ಹಸಿ ಮರ ಕೊಟ್ಟು ಮೋಸ ಮಾಡ್ಬುಟ್ರಲ್ಲ ನೀವು!"

ತರಕಾರಿ ಹೆಚ್ಚುವ ಮಣೆಯನ್ನು ಪ್ರಮೀಳಾ ಬಡಗಿ ಸಿದ್ದರಾಜುವಿನ ಮುಂದೆ ದೊಪ್ಪನೆ ಹಾಕಿದಳು. ಕೊಂಡು ಮೂರು ತಿಂಗಳಾಗಿರಲಿಲ್ಲ, ಹಲಸಿನ ಹಲಗೆ ಉದ್ದಕ್ಕೂ ಸೀಳಿತ್ತು. ೧೯೯೭ರ ಬೇಸಿಗೆ ಅದು. ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ಅಪ್ಪನ ಮೆಸ್ಸಿನಲ್ಲಿ ಅಡುಗೆಮನೆ ಪೂರ್ತಿ ಅವಳದೇ ಕಾರುಬಾರು.

ಮದುವೆ ಅಡುಗೆಯ ಷಣ್ಮುಖಪ್ಪ ಇಪ್ಪತ್ತು ಮಣೆ ಮಾಡಿಸಲು ತಮ್ಮ ಅಡುಗೆಯವರೊಂದಿಗೆ ಅಂಗಡಿಗೆ ಬಂದಿದ್ದರು. ಸೀಳು ನೋಡಿದವರೇ, ಆಮೇಲೆ ಹೇಳುತ್ತೇನೆಂದು ಎದ್ದು ಹೋದರು.

ಸಿದ್ದರಾಜು ಮಣೆಯನ್ನು ತಿರುಗಿಸಿ ನೋಡಿದ. ಒಂದು ಅಂಚಿನ ಮೇಲೆ ಅವನ ಹೆಬ್ಬೆರಳು ನಿಂತಿತು. ವಾದಿಸಲಿಲ್ಲ. ನಾಲ್ಕು ದಿನ ಬಿಟ್ಟು ಬರಲು ಹೇಳಿದ, ಅಷ್ಟೆ.

'ತಪ್ಪು ಮಾಡಿದ್ದಾನೆ, ಅದಕ್ಕೇ ಬಾಯಿಲ್ಲ...' ಎಂದುಕೊಂಡಳು. ಆದರೂ ಆ ಶಾಂತ ಕಣ್ಣುಗಳು ನಾಲ್ಕು ದಿನವೂ ಅವಳನ್ನು ಕಾಡಿದವು.

ಐದನೆಯ ದಿನ ಹೋದಾಗ, ಅಂಟು ಹಾಕಿ ಬಿಗಿದಿದ್ದ ಸೀಳು ಕೂಡಿಕೊಂಡಿತ್ತು. ಅವನು ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮಣೆಯ ಮೇಲೆ ಮೆಲ್ಲಗೆ ಎಳೆದ.

ಪ್ರಮೀಳಾ ಕಣ್ಣು ಮಿಟುಕಿಸಲಿಲ್ಲ. ಬಿಳುಚಿಕೊಂಡಿದ್ದ ಮರದೊಳಗಿಂದ ಜೇನಿನ ಬಣ್ಣ ಎದ್ದು ಬಂತು! ಗೆರೆಯ ಪಕ್ಕ ಗೆರೆ... ಎಷ್ಟು ಮಳೆ, ಎಷ್ಟು ಬಿಸಿಲು ಕಂಡ ಮರವೋ! ದಿನವೂ ತಾನು ಈರುಳ್ಳಿ ಹೆಚ್ಚುತ್ತಿದ್ದುದು ಇದರ ಮೇಲೆಯೇ? ಕೈಮುಗಿಯಬೇಕೆನ್ನಿಸಿತು.

ಆಗ ಕಂಡಿತು ಅಂಚಿನ ಸುಟ್ಟ ಕಲೆ. ದಿನವೂ ಬೂದಿ ಹಾಕಿ ತಿಕ್ಕಿ, ಬೇಗ ಒಣಗಲೆಂದು ಮಣೆಯನ್ನು ಬಿಸಿ ಒಲೆಗೆ ಒರಗಿಸುತ್ತಿದ್ದವಳು ಅವಳೇ; ಮರ ಸೀಳಿದ್ದು ಆ ಕಾವಿಗೇ. ತನ್ನಷ್ಟು ಚೊಕ್ಕಟ ಯಾರೂ ಇಲ್ಲವೆಂಬ ಜಂಬ ಬೇರೆ!

"ಅವತ್ತೇ ಗೊತ್ತಾಗಿತ್ತಾ ನಿಮ್ಗೆ?"

"ಊಂ."

"ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ ನಿಮ್ ಮುಖ ಸಣ್ಣದಾಗೋದು ನಂಗೆ ಬೇಕಿರ್ಲಿಲ್ಲ ಕಣ್ರೀ."

ಅವಳ ಕಣ್ಣು ತುಂಬಿ ಬಂತು. ಕೈಗೆ ಬಂದ ಕೆಲಸ ಹೋದರೂ ಸರಿ, ತನ್ನ ಮಾನ ಕಾಯ್ದ ಇಂಥ ಮನುಷ್ಯ ಇದ್ದಾನೆಯೇ! ನೆಟ್ಟಗೆ ಷಣ್ಮುಖಪ್ಪನವರ ಮನೆಗೆ ನಡೆದಳು. ಅಡುಗೆಯವರೆಲ್ಲರ ಎದುರೇ ತಪ್ಪು ತನ್ನದೆಂದು ಒಪ್ಪಿಕೊಂಡಳು. ಅವರನ್ನು ಕರೆದುಕೊಂಡೇ ಬಂದಳು. ಇಪ್ಪತ್ತೂ ಮಣೆ ಇಲ್ಲೇ ಎಂದು ಹೇಳಿ ಅವರು ನಗುತ್ತಾ ಹೊರಟರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ನನ್ನಿಂದ ನಿಮ್ ಹೆಸ್ರು ಹಾಳಾಗೋದು..."

"ನೀವೇ ಸರಿ ಮಾಡುದ್ರಲ್ಲ, ಬುಡಿ."

ಪ್ರಮೀಳಾ ಸೆರಗಿನ ತುದಿ ಹಿಡಿದು ನಿಂತಳು. ಈಗ ಹೇಳದಿದ್ದರೆ ಇನ್ನೆಂದೂ ಆಗುವುದಿಲ್ಲ ಎನ್ನಿಸಿತು.

"ನಮ್ಮನೇಗೆ ಬಂದು ಅಪ್ಪನ್ನ ಕೇಳಿ."

"ಏನ್ ಕೇಳ್ಲಿ?"

"ನನ್ನ."

ಸಿದ್ದರಾಜು ಎಣ್ಣೆ ಕೈ ಒರೆಸಿಕೊಂಡು ಅಂಗಡಿಯ ಬಾಗಿಲು ಎಳೆದ.

"ನಡೀರಿ, ಈಗ್ಲೇ ಬತ್ತೀನಿ."