ಎದುರು ತೊಟ್ಟಿಲು

ಜೈಂಟ್ ವೀಲ್‌ಗೆ ಇರುವುದು ಒಂದೇ ಹಟ. ಒಂದು ಕಡೆ ಭಾರ ಕೂತರೆ ಎದುರು ತೊಟ್ಟಿಲಲ್ಲೂ ಭಾರ ಕೂರಬೇಕು. ಇಲ್ಲದಿದ್ದರೆ ಅದು ಮುನಿಸಿಕೊಂಡು ನಿಂತುಬಿಡುತ್ತದೆ. ಅದನ್ನು ನಡೆಸುವವನಿಗೆ ಈ ವಿದ್ಯೆ ಕರಗತವಾಗಿತ್ತು. ಎದೆಯ ಭಾರ ಇಳಿಸುವ ವಿದ್ಯೆ ಮಾತ್ರ ಬರುತ್ತಿರಲಿಲ್ಲ. ಟಿಕೆಟ್ ಕೌಂಟರಿನ ಹುಡುಗಿಯೆಂದರೆ ಅವನಿಗೆ ಪ್ರಾಣ. ಅವಳು ಎದುರಿಗೆ ಬಂದರೆ ಬಾಯಿಗೆ ಬೀಗ.

ಆ ಮಧ್ಯಾಹ್ನ ಪಾರ್ಕಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಹುಡುಗಿಯ ಅತ್ತಿಗೆ ಒಬ್ಬ ಸೌಮ್ಯ ಮುಖದ ವರನನ್ನು ಕರೆದುಕೊಂಡು ಬಂದು, ಕೌಂಟರಿನಿಂದ ಹುಡುಗಿಯನ್ನೂ ಎಬ್ಬಿಸಿದಳು.

"ಇಬ್ಬರನ್ನೂ ಒಂದು ರೌಂಡ್ ಕಳ್ಸಪ್ಪ, ಮಾತಾಡ್ಕೊಂಡು ಬರ್ಲಿ. ಇವತ್ತು ಇವಳ ಬಾಯಲ್ಲಿ ಹೂಂ ಅನ್ನಿಸ್ಲೇಬೇಕು."

ಅವನು ತಲೆ ಅಲ್ಲಾಡಿಸಿದ. "ಒಂದೇ ತೊಟ್ಟಿಲಲ್ಲಿ ಆಗಲ್ಲಮ್ಮ. ಬೇರೆ ಜನ ಇಲ್ವಲ್ಲ, ವೀಲ್ ತೂಗಲ್ಲ. ಎದುರುಬದುರು ಕೂರ್ಬೇಕು."

ಅದು ನಿಜವೇ. ಸುಳ್ಳು ಹೇಳುವಷ್ಟು ಬಾಯಿ ಅವನಿಗೆಲ್ಲಿತ್ತು? ಹುಡುಗಿ ತುಟಿ ಕಚ್ಚಿ ನಗು ನುಂಗಿದಳು.

ವರ ಮೇಲೇರಿದಾಗಲೆಲ್ಲ ಅವಳು ಕೆಳಗೆ, ಲಿವರ್ ಹಿಡಿದವನ ಪಕ್ಕಕ್ಕೇ ಬರುತ್ತಿದ್ದಳು.

"ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿ ಮೇಲೆ ಹೋದಳು.

ಅವನು ಸುತ್ತು ಪೂರ್ತಿ ಮಾತು ಹುಡುಕಿದ. ಸಿಕ್ಕಿದ್ದು ಇಷ್ಟೇ: "ಸರಳು ಗಟ್ಟಿಯಾಗಿ ಹಿಡ್ಕೊ."

"ಹಿಡ್ಕೊಂಡೇ ಇದೀನಿ. ಬಿಡ್ತಿರೋದು ನೀನು."

ಮುಂದಿನ ಸಲ ಬಂದಾಗ ಅವಳ ಕಣ್ಣು ತುಂಬಿತ್ತು. "ಇಳಿದ್ಮೇಲೆ ಹೂಂ ಅನ್ಬೇಕಾಗುತ್ತೆ. ಗೊತ್ತಲ್ವಾ?"

ಗೊತ್ತಿತ್ತು. ಚಕ್ರ ನಿಂತರೆ ಅವಳು ಹೋಗಿಬಿಡುತ್ತಾಳೆ, ಅದಕ್ಕೇ ನಿಲ್ಲಿಸಲಿಲ್ಲ. ಅವನ ಕೈಲಾಗುತ್ತಿದ್ದುದು ಅದೊಂದೇ.

"ಎಷ್ಟು ರೌಂಡಪ್ಪ ಇದು?" ಅತ್ತಿಗೆ ಗದರಿದಳು. "ಸಾಕು. ಮೊದ್ಲು ಹುಡುಗನ್ನ ಇಳ್ಸು."

ನಿಲ್ಲಿಸಿದ. ಹುಡುಗಿ ಮೇಲೆ ತುದಿಯಲ್ಲಿ ಉಳಿದಳು. ತಲೆ ಸುತ್ತಿ ತೂರಾಡುತ್ತ ಇಳಿದ ವರ ಅವನ ಭುಜ ಹಿಡಿದುಕೊಂಡ.

"ಮೇಲೆ ಏನೂ ಕೇಳ್ಸಲ್ಲ ಕಣ್ರೀ," ಎಂದ ಮೆಲ್ಲಗೆ. "ಆದ್ರೆ ಎಲ್ಲಾ ಕಾಣ್ಸುತ್ತೆ. ಪ್ರತಿ ಸಲಾನೂ ಅವರು ನಿಮ್ಮ ಕಡೆಗೇ ಬಾಗ್ತಿದ್ರು. ನನ್ನ ಕಡೆ ಒಂದ್ಸಲವೂ ನೋಡ್ಲಿಲ್ಲ."

ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ಅವರನ್ನ ಇಳ್ಸೋಕೆ ಇಲ್ಲಿ ಭಾರ ಬೇಕಲ್ಲ ಅಕ್ಕಾ. ನಾನಂತೂ ಮತ್ತೆ ಹತ್ತಲ್ಲ. ನೀವೇ ಕೂತ್ಕೊಳ್ಳಿ."

ಅತ್ತಿಗೆ ಗೊಣಗುತ್ತಲೇ ಹತ್ತಿ ಕೂತಳು. ಅವಳು ಮೇಲೆ ಹೋದಳು, ಹುಡುಗಿ ಕೆಳಗೆ ಬಂದಳು. ಅವನು ಬ್ರೇಕ್ ಹಾಕಿದ. ಮೇಲಿನಿಂದ ಅತ್ತಿಗೆ ಏನೋ ಕೂಗುತ್ತಿದ್ದಳು, ಅದು ಗಾಳಿಪಾಲಾಯಿತು.

"ನಂಗೆ ಹೇಳೋಕೆ ಬರಲ್ಲ," ಎಂದ ಅವನು. "ನೀನು ಹೋದ್ರೆ ನನ್ನ ಕೈಲಿ ಏನೂ ಆಗಲ್ಲ. ಹೋಗ್ಬೇಡ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. ಅವನು ಹಿಡಿದು ಇಳಿಸಿದ, ಮತ್ತೆ ಬಿಡಲಿಲ್ಲ.

"ಅತ್ತಿಗೇನ ಇಳ್ಸಬೇಕು," ಎಂದ ಗಾಬರಿಯಲ್ಲಿ.

"ಇಳ್ಸೋಣ," ಎಂದಳು. "ಅದಕ್ಕೆ ಮುಂಚೆ ಇನ್ನೊಂದ್ಸಲ ಹೇಳು."