ಮೀನುಮನೆಯ ಕೀಲಿಕೈ

ಆ ಶನಿವಾರ ಬೆಳಗ್ಗೆ, ಮೀನುಮನೆಯಲ್ಲಿ ಮೊಟ್ಟೆ ಮರಿ ಮಾಡಿಸುವ ಕಾಲಿಪಾ ಆಪಾ ಬಾಗಿಲು ತಟ್ಟಲಿಲ್ಲ. ನೇರ ಒಳಗೆ ನುಗ್ಗಿ ಬುರುಲ್ ಎಜೆಯ ಮುಂದೆ ಅಂಗೈ ಬಿಚ್ಚಿದರು. ಅದರಲ್ಲಿ ನಾಲ್ಕಾರು ಮೀನಿನ ಮೊಟ್ಟೆಗಳಿದ್ದವು. ಕಿತ್ತಳೆ ಬಣ್ಣದಲ್ಲಿರಬೇಕಾದವು ಸುಣ್ಣದ ಹಾಗೆ ಬೆಳ್ಳಗಾಗಿದ್ದವು.

"ಅರ್ಧಕ್ಕರ್ಧ ಸತ್ತೋಗಿವೆ, ಬುರುಲ್. ರಾತ್ರಿ ಪಂಪು ನಿಂತೋಗಿದೆ. ಜಿಪಾರೇ ಮಾಡಿದ್ದು ಅಂತ ತೆಮಿರ್ಕಾನ್ ಕೂಗಾಡ್ತಿದ್ದಾನೆ. ಸಂಜೆ ಪೊಲೀಸರಿಗೆ ಒಪ್ಪಿಸ್ತಾನಂತೆ. ನೀನು ಎದ್ದು ಬಾ."

"ಚಹಾ ಕುಡೀತೀಯಾ?"

"ನಿನ್ನ ಚಹಾಕ್ಕೆ ಬೆಂಕಿ ಬೀಳ! ಎದ್ದೇಳು ಅಂದೆ."

ಎಜೆ ಬಟ್ಟಲಲ್ಲಿ ಉಳಿದಿದ್ದನ್ನು ಮುಗಿಸಿಯೇ ಎದ್ದರು. ಜಿಲ್ಲೆಯ ತನಿಖಾಧಿಕಾರಿಯಾಗಿ ಕೂದಲು ನರೆಸಿಕೊಂಡು, ಈಗ ನಮ್ಮೂರಿನಲ್ಲಿ, ತೋನ್ ಹೊಳೆ ಸರೋವರ ಸೇರುವ ದಂಡೆಯಲ್ಲಿ ಇರುವವರು. ಊರಿಗೆಲ್ಲ ಅವರು ಅಕ್ಕ, ಬುರುಲ್ ಎಜೆ. ಕಣ್ಣು ಮಂಜಾದಾಗಿನಿಂದ ಅವರ ಹಳೆಯ ಜೀಪು ಓಡಿಸುವವನು ನಾನು, ಶರ್ಶೆನ್. ಕಳೆದುಹೋದ ಕುರಿಯಿಂದ ಹಿಡಿದು ಸುಟ್ಟ ಹುಲ್ಲಿನ ಬಣವೆಯವರೆಗೆ ಅವರು ಬಿಡಿಸಿದ ಒಗಟುಗಳನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿದ್ದೇನೆ. ನನಗೆ ಕೋಪ ಮೊದಲು ಬರುತ್ತದೆ, ಬುದ್ಧಿ ಆಮೇಲೆ. ಅವರಿಗೆ ಕೋಪ ಬಂದಿದ್ದನ್ನು ನಾನು ಕಂಡಿಲ್ಲ.

ಮೀನುಮನೆಯ ಮುಂದೆ ಊರಿನ ಅರ್ಧ ಜನ ಸಾಲಾಗಿ ನಿಂತು, ಹೊಳೆಯಿಂದ ಬಕೆಟ್ಟಿನಲ್ಲಿ ನೀರು ದಾಟಿಸುತ್ತಿದ್ದರು. ಟ್ರೌಟ್ ಮೀನಿನ ಮೊಟ್ಟೆಗೆ ನಿಂತ ನೀರು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಉಳಿದ ಅರ್ಧ ಮೊಟ್ಟೆಗಳನ್ನು ಕೈಯಿಂದ ನೀರು ಸುರಿದು ಬದುಕಿಸಿಕೊಂಡಿದ್ದರು. ಚಳಿಗಾಲದ ಗಾಳಿಗೆ ಬೆರಳುಗಳೆಲ್ಲ ಕೆಂಪಾಗಿದ್ದವು. ಸಂಜೆಯವರೆಗೆ ತಡೆಯಬಹುದು, ಆಮೇಲೆ ತೋಳುಗಳು ಸೋಲುತ್ತವೆ.

ತೆಮಿರ್ಕಾನ್ ಚೌಕಟ್ಟಿಗೆ ತಲೆ ಬಗ್ಗಿಸಿ ಹೊರಗೆ ಬಂದ. ಮೀನುಮನೆಯ ಮುಖ್ಯಸ್ಥ, ಎತ್ತರದ ಆಳು.

"ಬನ್ನಿ ಎಜೆ, ಬನ್ನಿ. ನಿಮಗೆ ಕೆಲಸವೇ ಇಲ್ಲ ಇಲ್ಲಿ, ಕಳ್ಳಿ ಸಿಕ್ಕಾಗಿದೆ."

ಕಳ್ಳಿ ಎಂದರೆ ಜಿಪಾರ್. ಮೀನುಮನೆಯ ಯಂತ್ರಗಳನ್ನು ನೋಡಿಕೊಳ್ಳುವ ಗಿಡ್ಡ ಹೆಂಗಸು. ಅವಳು ಯಾರ ಕಡೆಗೂ ನೋಡದೆ ಬಕೆಟ್ ದಾಟಿಸುತ್ತಿದ್ದಳು.

ಎಜೆ ಅವಳನ್ನೂ ಕರೆದುಕೊಂಡು ಒಳಗೆ ನಡೆದರು. ಪಂಪಿನ ಕೋಣೆಯಲ್ಲಿ, ಗೋಡೆಯ ಹಲಗೆಯ ಮೇಲೆ ಬೂದು ಬಣ್ಣದ ಡಬ್ಬಿಯೊಂದಿತ್ತು. ಪಂಪನ್ನು ಆಳುವ ಕಂಪ್ಯೂಟರ್ ಅದು. ಬೆನ್ನು ಗೋಡೆಗೆ ಅಂಟಿಕೊಂಡಿತ್ತು, ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ಪರದೆಯ ಮೇಲೆ ಕೆಂಪಗೆ ಒಂದು ಸಂಖ್ಯೆ, ಬೇರೇನೂ ಇಲ್ಲ.

"ಇದು ಚಾಲೂ ಆಗಬೇಕಾದ್ರೆ ಬೆನ್ನಲ್ಲಿ ಕೀಲಿಕೈ ಇರಬೇಕು," ಎಂದ ತೆಮಿರ್ಕಾನ್. "ಉಗುರಿನಷ್ಟು ಪ್ಲಾಸ್ಟಿಕ್ ತುಂಡು. ರಾತ್ರಿ ಇವಳು ಕದ್ದಿದ್ದಾಳೆ. ಕಿತ್ತ ಕೂಡ್ಲೇ ಪಂಪು ನಿಂತಿದೆ. ಕಾವಲಿಗೆ ಇದ್ದದ್ದು ಇವಳೊಬ್ಬಳೇ. ಇನ್ನೇನು ಬೇಕು ನಿಮಗೆ?"

"ಅವಳು ಯಾಕೆ ಕದೀತಾಳೆ?"

"ಹಳೇ ಡಬ್ಬಿ ಸತ್ರೆ ತನ್ನ ಆಟಿಕೆ ಕೂರಿಸಬಹುದಲ್ಲ! ಇವತ್ತು ಮಧ್ಯಾಹ್ನ ಊರಿನ ಸಭೆ ಇತ್ತು ಅದಕ್ಕೇ."

ಆ ಜಗಳ ಊರಿಗೆಲ್ಲ ಗೊತ್ತಿತ್ತು. ಡಬ್ಬಿ ಮಾಡಿದ ಕಂಪನಿ ಆ ಮಾದರಿಯನ್ನು ಕೈಬಿಟ್ಟಿತ್ತು. ಒಳಗಿನ ಪ್ರೋಗ್ರಾಮಿಗೆ ಬೀಗ. ಕೆಟ್ಟರೆ ಹೊರಗಿನವರು ಯಾರೂ ರಿಪೇರಿ ಮಾಡುವಂತಿಲ್ಲ. ಪಂಪಿನ ಮೋಟರೂ ಅವರದೇ, ಡಬ್ಬಿಯ ಅಪ್ಪಣೆಯಿಲ್ಲದೆ ತಿರುಗುವುದಿಲ್ಲ. ಡಬ್ಬಿ ಮೋಟರಿಗೆ ಏನು ಹೇಳುತ್ತದೆಂದು ಜಿಪಾರ್ ತಿಂಗಳುಗಟ್ಟಲೆ ಕೂತು ಕಲಿತಿದ್ದಳು. ಅಂಗಡಿಯಲ್ಲಿ ಸಿಗುವ ಸಣ್ಣ ಬೋರ್ಡೊಂದಕ್ಕೆ ಅದನ್ನೇ ಹೇಳಲು ಕಲಿಸಿದ್ದಳು. ಅದರ ಪ್ರೋಗ್ರಾಮು ಮುಚ್ಚುಮರೆಯಿಲ್ಲದ್ದು, ಯಾರು ಬೇಕಾದರೂ ಓದಿ ತಿದ್ದಬಹುದು. ಹಳೆಯದನ್ನು ನಿಲ್ಲಿಸಿ ತನ್ನದನ್ನು ಓಡಿಸಿ, ಮತ್ತೆ ಹಳೆಯದಕ್ಕೆ ಮರಳಿ, ಎರಡನ್ನೂ ಸಭೆಗೆ ತೋರಿಸುತ್ತೇನೆ ಎಂದಿದ್ದಳು. ತೆಮಿರ್ಕಾನ್ ಮಾತ್ರ ಕಂಪನಿಯ ಹೊಸ ಡಬ್ಬಿಯೇ ಬೇಕೆಂದು ಹಟ ಹಿಡಿದಿದ್ದ.

"ಈಗ ಅವಳ ಬೋರ್ಡು ಎಲ್ಲಿ?" ಎಂದು ಕೇಳಿದೆ.

"ನನ್ನ ಕೋಣೆಯಲ್ಲಿ, ಬೀಗ ಹಾಕಿ. ಪೊಲೀಸರು ನೋಡ್ಬೇಕು."

"ಅಲ್ಲಯ್ಯಾ, ಹೊರಗೆ ಜನ ಕೈ ಮರಗಟ್ಟಿಸ್ಕೊಂಡು ನೀರು ಹೊರ್ತಿದ್ದಾರೆ, ನೀನು ಬೋರ್ಡು ಬಚ್ಚಿಟ್ಕೊಂಡು ಕೂತಿದ್ದೀಯಾ? ನಿನ್ನ ತಲೆಯೊಳಗೆ ಏನಿದೆ, ಹೊಟ್ಟೋ?"

"ಶರ್ಶೆನ್," ಎಂದರು ಎಜೆ, ಅಷ್ಟೆ. ಆಮೇಲೆ ಅವಳ ಕಡೆ ತಿರುಗಿದರು.

"ಜಿಪಾರ್, ನೀನು ಹೇಳು."

"ನಿನ್ನೆ ಸಂಜೆ ಕರಕೋಲ್‌ನಿಂದ ಬಂದೆ, ಎಜೆ. ಮಂಗಳವಾರದಿಂದ ಆ ಪೇಟೆಯಲ್ಲೇ ಇದ್ದೆ, ತಂತಿ ಗಿಂತಿ ತರಲಿಕ್ಕೆ. ಕಾವಲಿಗೆ ಕೂತೋಳು ನಿದ್ದೆ ಹೋದೆ. ಅದು ನನ್ನ ತಪ್ಪು, ಒಪ್ಕೋತೀನಿ. ಎದ್ದಾಗ ಈ ನಂಬರ್ ಇತ್ತು. ಕೀಲಿಕೈ ಕಾಣ್ತಿಲ್ಲ ಅಂತ ಅದರ ಅರ್ಥ. ಸಡಿಲ ಆಗಿರಬಹುದು, ಧೂಳು ಕೂತಿರಬಹುದು, ಡಬ್ಬಿ ಸರಿಸಿ ನೋಡೋಣ ಅಂದೆ. ಮುಟ್ಟಬೇಡ ಅಂದ್ರು."

"ಮುಟ್ಟಿಸ್ತೀನಾ?" ಎಂದ ತೆಮಿರ್ಕಾನ್. "ನಾನು ಹೊರದೇಶಕ್ಕೆ ಹೋಗಿ, ಕಂಪನಿಯ ಕಾರ್ಖಾನೆಯಲ್ಲೇ ಕಲಿತು ಬಂದವನು. ನನಗೆ ಹೇಳ್ಕೊಡ್ತಾಳೆ!"

ಎಜೆ ಡಬ್ಬಿಗೆ ಕೈ ಹಾಕಿದರು. ಕಾಲಿಪಾ ಆಪಾ ಕಿರುಚಿದರು. "ಅಯ್ಯೋ ನಿಧಾನ! ನನ್ನ ರೊಟ್ಟಿ!"

ಡಬ್ಬಿಯ ನೆತ್ತಿಯ ಮೇಲೆ ಬಟ್ಟೆ ಸುತ್ತಿದ ರೊಟ್ಟಿಯಿತ್ತು. ಆಪಾರ ಮಗ ಸೈನ್ಯಕ್ಕೆ ಹೊರಟ ದಿನ ಒಂದು ತುತ್ತು ಕಚ್ಚಿ ಬಿಟ್ಟುಹೋದದ್ದು. ಉಳಿದದ್ದನ್ನು ಅವನೇ ಮರಳಿ ಬಂದು ತಿನ್ನಬೇಕು, ಅದು ನಮ್ಮ ಪದ್ಧತಿ. ಇಡೀ ಮೀನುಮನೆಯಲ್ಲಿ ಥಂಡಿ, ಡಬ್ಬಿಯ ನೆತ್ತಿಯೊಂದೇ ಬೆಚ್ಚಗೆ, ರೊಟ್ಟಿಗೆ ಬೂಸ್ಟು ಹಿಡಿಯದು. ಆಪಾ ದಿನಾ ಸಂಜೆ ಅಲ್ಲಿ ಬಂದು ರೊಟ್ಟಿಗೆ ಹಣೆಯೊತ್ತಿ ಹೋಗುತ್ತಿದ್ದರು. ಗಂಟಿನ ಕೆಂಪು ದಾರ ಡಬ್ಬಿಯ ಹಿಡಿಯನ್ನು ಬಳಸಿ ಗೋಡೆಯ ಮೊಳೆಗೆ ಬಿಗಿದಿತ್ತು.

"ಈ ದಾರ ಯಾವಾಗ ಕಟ್ಟಿದೆ?"

"ಗುರುವಾರ ಬೆಳಗ್ಗೆ. ಬುಧವಾರ ಸಂಜೆ ಇಲ್ಲೇ ಇತ್ತು, ಬೆಳಗ್ಗೆ ಬಂದ್ರೆ ಇಲ್ಲ! ಯಾವನೋ ಎತ್ತಿ ಆ ತೊಲೆ ಮೇಲೆ ಇಟ್ಟಿದ್ದ. ನನಗೆ ಸಿಗುತ್ತಾ ಅದು? ಈ ಒಂಟೆ ಶರ್ಶೆನ್ ಬಂದು ಇಳಿಸಿಕೊಟ್ಟ. ಆಮೇಲೆ ಭದ್ರವಾಗಿ ಕಟ್ಟಿಬಿಟ್ಟೆ."

ಹೌದು, ನಾನೇ ಕೈ ಚಾಚಿ ಇಳಿಸಿದ್ದೆ. ಎಜೆ ತೊಲೆಯನ್ನು ನೋಡಿದರು, ನನ್ನನ್ನು ನೋಡಿದರು. "ನನ್ನ ಗಂಟೇ, ಯಾರೂ ಮುಟ್ಟಿಲ್ಲ," ಎಂದ ಆಪಾ ಕೈಯಲ್ಲೇ ದಾರ ಬಿಚ್ಚಿಸಿ ಡಬ್ಬಿ ಸರಿಸಿದರು. ಬೆನ್ನಿನ ತೂತು ಖಾಲಿ.

"ಈ ಕೋಣೆಯ ಬಾಗಿಲು ತೆಗೆಯೋರು ಯಾರು?"

"ನಾವು ಮೂವರೇ," ಎಂದಳು ಜಿಪಾರ್. "ಮುಖ್ಯಸ್ಥರು, ಆಪಾ, ನಾನು."

ಅಷ್ಟರಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಕಂಪನಿಯ ಏಜೆಂಟ್ ಎರ್ಮೆಕ್ ಬಂದಿಳಿದ. ಸಭೆಯಲ್ಲಿ ತೋರಿಸಲು ಹೊಸ ಡಬ್ಬಿಯೊಂದನ್ನು ಹೊತ್ತು ತಂದಿದ್ದ. ಹೋದ ತಿಂಗಳಾದ ಮೇಲೆ ಅವನು ಈ ಕಡೆ ಕಾಲಿಟ್ಟಿರಲಿಲ್ಲ.

"ಇನ್ನೊಂದು ಕೀಲಿಕೈ ಕೊಡಯ್ಯಾ," ಎಂದೆ.

"ಇಲ್ಲ ಬೈಕೆ," ಎಂದು ಅವನು ನನ್ನನ್ನು ಅಣ್ಣನೆಂದು ಕರೆದ. "ಈ ಮಾದರಿಗೆ ಬೆಂಬಲ ನಿಲ್ಲಿಸಿದ್ದಾರೆ. ಕೀಲಿಕೈ ಮಾಡೋ ವಿಭಾಗವನ್ನೇ ಮುಚ್ಚಿದ್ದಾರೆ."

"ಡಬ್ಬಿ ನಿಮ್ಮದು, ಬೀಗ ನಿಮ್ಮದು, ಕೀಲಿಕೈ ಮಾತ್ರ ಇಲ್ಲವಾ? ಮೂವತ್ತು ವರ್ಷ ಬಾಳುತ್ತೆ ಅಂತ ಹೇಳಿದ್ರಲ್ಲೋ!"

"ಡಬ್ಬಿ ಬಾಳುತ್ತೆ ಬೈಕೆ. ಕಂಪನಿಯ ಮನಸ್ಸು ಬಾಳಲ್ಲ." ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಎಜೆ ಅವನ ಹೊಸ ಡಬ್ಬಿಯನ್ನು ಚಾಲೂ ಮಾಡಿಸಿದರು. ಅದಕ್ಕೆ ಜೋಡಿಸಿದ್ದ ಸಣ್ಣ ಮೋಟರು ತಿರುಗತೊಡಗಿತು. "ಈಗ ಕೀಲಿಕೈ ಕೀಳು."

ಎರ್ಮೆಕ್ ಕಿತ್ತ. ಮೋಟರು ತಿರುಗುತ್ತಲೇ ಇತ್ತು.

"ಕರೆಂಟು ತೆಗೆದು ಮತ್ತೆ ಹಾಕು."

ಹಾಕಿದ. ಮೋಟರು ಏಳಲಿಲ್ಲ. ಪರದೆಯ ಮೇಲೆ ಅದೇ ಕೆಂಪು ಸಂಖ್ಯೆ ಬಂತು.

"ಹಳೆಯದೂ ಹೀಗೇನಾ?"

"ಎಲ್ಲವೂ ಹೀಗೇ. ಶುರುವಾಗುವಾಗ ಮಾತ್ರ ಕೀಲಿಕೈ ಇದೆಯಾ ಅಂತ ನೋಡುತ್ತೆ. ಕಲಿಸುವಾಗ ಮೊದಲ ಪಾಠವೇ ಇದು."

ನನಗಿನ್ನೂ ತಲೆಗೆ ಹತ್ತಿರಲಿಲ್ಲ. ಎಜೆ ಮಾತ್ರ ಜೇಬಿನಿಂದ ಒಂದು ಒಣ ಮೊಸರಿನ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡರು. ಯೋಚನೆ ಮುಗಿದಾಗ ಮಾತ್ರ ಅವರು ಹಾಗೆ ಮಾಡುವುದು. "ಸಭೆ ಇತ್ತಲ್ಲ, ಈಗಲೇ ಆಗಲಿ," ಎಂದರು. "ಮೊಟ್ಟೆಯ ತಟ್ಟೆಗಳ ಹತ್ತಿರವೇ ಆಗಲಿ. ನೀರು ಹಾಕೋರು ಹಾಕ್ತಾ ಇರಿ."

ಜನ ಒಳಗೆ ಬಂದರು. ಬಕೆಟ್ಟಿನ ಸಾಲು ಬಾಗಿಲಿನಿಂದ ತಟ್ಟೆಯವರೆಗೆ ನಡುವೆಯೇ ಸಾಗಿತ್ತು, ನಾನೂ ಅದಕ್ಕೆ ಸೇರಿಕೊಂಡೆ. ಎಜೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತರು.

"ನಿನ್ನೆ ರಾತ್ರಿ ಗಾಳಿಗೆ ಕರೆಂಟು ಹೋಗಿ ಬಂತು. ಎಲ್ಲರ ಮನೆಯಲ್ಲೂ ತಾನೇ?"

"ಹೌದು," ಎಂದಿತು ಗುಂಪು.

"ಸೋಮವಾರವೂ ಹೋಗಿತ್ತು. ಆಗ ಪಂಪು ತಾನಾಗೇ ಎದ್ದಿತ್ತು. ಅಂದ್ರೆ ಸೋಮವಾರ ಕೀಲಿಕೈ ಇತ್ತು, ನಿನ್ನೆ ಇರಲಿಲ್ಲ. ನಡುವೆ ಎಂದು ಕಿತ್ತಿದ್ದರೂ ಪಂಪು ಓಡ್ತಾನೇ ಇರ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಪಂಪು ನಿಂತಿದ್ದು ಕಾವಲಿನ ರಾತ್ರಿ. ಕಳವು ಆದದ್ದೂ ಅವತ್ತೇ ಅಂತ ಯಾಕೆ ಅಂದ್ಕೋಬೇಕು?"

"ಅವಳು ರಾತ್ರಿಯೇ ಕಿತ್ತಿರಬಹುದಲ್ಲ," ಎಂದ ತೆಮಿರ್ಕಾನ್.

"ಇಲ್ಲ. ಡಬ್ಬಿ ಸರಿಸದೆ ಬೆನ್ನಿಗೆ ಕೈ ಹೋಗಲ್ಲ. ಗುರುವಾರ ಕಾಲಿಪಾ ಕಟ್ಟಿದ ದಾರ ಇವತ್ತು ನಾನು ಬಿಚ್ಚಿಸೋವರೆಗೂ ಬಿಗಿಯಾಗಿತ್ತು. ಅವಳ ಗಂಟನ್ನ ಅವಳೇ ಗುರುತಿಸಿ ಬಿಚ್ಚಿದ್ದಾಳೆ. ಹಾಗಾದ್ರೆ ಕೀಲಿಕೈ ಹೋದದ್ದು ಗುರುವಾರಕ್ಕೆ ಮೊದಲೇ. ಆಗ ಒಬ್ಬ ಡಬ್ಬಿ ಸರಿಸಿದ್ದಾನೆ. ಸರಿಸೋಕೆ ಮುಂಚೆ ಮೇಲಿನ ರೊಟ್ಟಿ ಎತ್ತಬೇಕಾಯ್ತು. ಬುಧವಾರ ಸಂಜೆ ರೊಟ್ಟಿ ಜಾಗದಲ್ಲಿತ್ತು, ಗುರುವಾರ ಬೆಳಗ್ಗೆ ಇರಲಿಲ್ಲ. ಜಿಪಾರ್ ಆಗ ಕರಕೋಲ್‌ನಲ್ಲಿದ್ದಳು."

ಎಜೆ ತೆಮಿರ್ಕಾನ್ ಕಡೆ ತಿರುಗಿದರು.

"ನಮ್ಮಲ್ಲಿ ಎಂಥ ಕಳ್ಳನಾದ್ರೂ ರೊಟ್ಟಿಯನ್ನ ನೆಲಕ್ಕಿಡಲ್ಲ. ಅದರಲ್ಲೂ ಮಗ ಕಚ್ಚಿಟ್ಟ ರೊಟ್ಟಿ. ಕೈ ತಾನಾಗೇ ಮೇಲಕ್ಕೆ ಹೋಗುತ್ತೆ. ಅವನ ಕೈ ತೊಲೆ ಮುಟ್ಟಿತು. ಅವಸರದಲ್ಲಿ ಇಳಿಸೋದು ಮರೆತ. ಸ್ಟೂಲಿಲ್ಲದೆ ಆ ತೊಲೆ ಮುಟ್ಟೋರು ಊರಲ್ಲಿ ಇಬ್ಬರೇ, ಶರ್ಶೆನ್ ಮತ್ತೆ ನೀನು. ಶರ್ಶೆನ್ ಹತ್ತಿರ ಆ ಬಾಗಿಲಿನ ಕೀಲಿಕೈ ಇಲ್ಲ."

"ಧೂಳು ಒರೆಸೋಕೆ ಎತ್ತಿರಬಹುದು ನಾನು..."

"ಇರಬಹುದು. ಆದ್ರೆ ಕಿತ್ತ ಕೂಡ್ಲೇ ಪಂಪು ನಿಲ್ಲುತ್ತೆ ಅಂತ ನನಗೆ ಹೇಳಿದೆ. ಕಾರ್ಖಾನೆಯಲ್ಲಿ ಕಲಿತವನಿಗೆ ಮೊದಲ ಪಾಠ ಮರೆತುಹೋಯ್ತಾ? ಇನ್ನೊಂದು. ನಂಬರ್ ನೋಡಿ ಜಿಪಾರ್ ಸಡಿಲ ಆಗಿರಬಹುದು ಅಂದ್ಲು. ನೀನು ಡಬ್ಬಿ ಸರಿಸದೇನೇ, ಬೆನ್ನು ನೋಡದೇನೇ, ಕದ್ದಿದ್ದಾಳೆ ಅಂದೆ. ತೂತು ಖಾಲಿ ಅಂತ ನಿನಗೆ ಹೇಗೆ ಗೊತ್ತಾಯ್ತು, ತೆಮಿರ್ಕಾನ್?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅಷ್ಟೆತ್ತರದ ಆಳು ಒಮ್ಮೆಲೇ ಕುಗ್ಗಿದಂತೆ ಕಂಡ.

"ಮೊಟ್ಟೆ ಸಾಯಲಿ ಅಂತ ಮಾಡಲಿಲ್ಲ," ಎಂದ. "ಸಭೆಯಲ್ಲಿ ಅವಳು ಹಳೇದನ್ನ ನಿಲ್ಲಿಸ್ತಾಳೆ, ಮತ್ತೆ ಹಚ್ಚೋಕೆ ಹೋದ್ರೆ ಏಳಲ್ಲ, ಅವಳೇ ಕೆಡಿಸಿದ್ಲು ಅಂತಾರೆ, ಅಷ್ಟೇ ಅಂದ್ಕೊಂಡಿದ್ದೆ. ಆ ಡಬ್ಬಿ ತಂದವನು ನಾನು. ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂತ ಇದೇ ಜಾಗದಲ್ಲಿ ನಿಂತು ಭಾಷಣ ಮಾಡಿದ್ದೆ. ಅಂಗಡಿ ಬೋರ್ಡು ಅದೇ ಕೆಲಸ ಮಾಡಿಬಿಟ್ರೆ ಊರು ನನ್ನನ್ನ ಏನಂತಿತ್ತು? ರಾತ್ರಿ ಗಾಳಿ ಎದ್ದಾಗ... ಎದ್ದು ಬರಬೇಕಿತ್ತು. ಧೈರ್ಯ ಬರಲಿಲ್ಲ."

"ಕೀಲಿಕೈ ಎಲ್ಲಿ?"

"ಬೆಳಗ್ಗೆ ಬಿಳೀ ಮೊಟ್ಟೆ ನೋಡಿ ಹೆದರಿ ಸರೋವರಕ್ಕೆ ಎಸೆದೆ."

ನಾನು ಬಕೆಟ್ ಕೆಳಗಿಟ್ಟು ತೋಳೇರಿಸಿದೆ. ಎರಡು ಬಾರಿಸದೆ ಬಿಡುವ ಮನಸ್ಸಿರಲಿಲ್ಲ. ಅಡ್ಡ ಬಂದವಳು ಜಿಪಾರ್.

"ಆಮೇಲೆ ಬೈಕೆ. ಮೊದಲು ನೀರು." ಅವಳು ತೆಮಿರ್ಕಾನ್ ಮುಂದೆ ಕೈ ಚಾಚಿದಳು. "ನಿಮ್ಮ ಕೋಣೆ ಬೀಗದ ಕೈ ಕೊಡಿ. ಮತ್ತೆ, ನಾನು ಕದ್ದಿಲ್ಲ ಅಂತ ಜೋರಾಗಿ ಹೇಳಿ. ಹೊರಗೆ ಬಕೆಟ್ ಹಿಡಿದೋರಿಗೂ ಕೇಳಬೇಕು."

ಅವನು ಹೇಳಿದ. ಮೊದಲ ಸಲ ದನಿ ಬರಲಿಲ್ಲ. ಎರಡನೇ ಸಲ ಹೊಳೆಯವರೆಗೂ ಕೇಳಿಸಿತು.

ಬೋರ್ಡು ಬಂತು. ಜಿಪಾರ್ ತಂತಿಗಳನ್ನು ಜೋಡಿಸಿದಳು. ಎರ್ಮೆಕ್ ಕೋಟು ಕಳಚಿ ಟಾರ್ಚ್ ಹಿಡಿದು ನಿಂತ, ಯಾರೂ ಕೇಳಿರಲಿಲ್ಲ. ಮೋಟರು ಗುರ್ ಎಂದು ತಿರುಗಿತು. ಆದರೆ ಕೊಳವೆಯಿಂದ ನೀರು ಬರಲಿಲ್ಲ.

ಜಿಪಾರ್ ಮೋಟರಿಗೆ ಕಿವಿಯಿಟ್ಟು ಕೇಳಿದಳು. "ಕೊಳವೆಯೊಳಗೆ ಗಾಳಿ ಕಟ್ಟಿದೆ. ದೊಡ್ಡ ವಾಲ್ವ್ ತೆಗೀಬೇಕು. ಅದು ನಡುವೆ ಎಲ್ಲೋ ಕಚ್ಚಿಕೊಳ್ಳುತ್ತೆ, ನನಗೆ ಗೊತ್ತಿಲ್ಲ. ಗೊತ್ತಿರೋದು ಇವರೊಬ್ಬರಿಗೇ."

ತೆಮಿರ್ಕಾನ್ ಎಲ್ಲರನ್ನೂ ದಾಟಿ ವಾಲ್ವಿನ ಮುಂದೆ ಮಂಡಿಯೂರಿದ. ಚಕ್ರಕ್ಕೆ ಕೈ ಹಾಕಿ ಬೆನ್ನು ನಮ್ಮ ಕಡೆ ಮಾಡಿ ತಿರುಗಿಸತೊಡಗಿದ.

"ಬೈಕೆ," ಎಂದಳು ಜಿಪಾರ್. "ಪಕ್ಕಕ್ಕೆ ಸರಿದು ತಿರುಗಿಸಿ. ನಮಗೂ ಕಾಣಲಿ."

ಅವನ ಕೈ ನಿಂತಿತು. ಆಮೇಲೆ ಅವನು ಮಂಡಿಯಲ್ಲೇ ಸರಿದು ಜಾಗ ಬಿಟ್ಟ. "ಇಲ್ಲಿ ನೋಡಿ," ಎಂದ. "ಇಲ್ಲಿ ಬಿಗಿಯುತ್ತೆ. ಬಲ ಹಾಕಬೇಡಿ, ಮುರಿಯುತ್ತೆ. ಸ್ವಲ್ಪ ಹಿಂದಕ್ಕೆ ತನ್ನಿ, ಆಮೇಲೆ ಮುಂದಕ್ಕೆ. ಶರ್ಶೆನ್, ನೀನು ಕೈ ಹಾಕಿ ನೋಡು."

ಅವನಿಗೆ ಹೊಡೆಯಲೆಂದು ಏರಿಸಿದ್ದ ತೋಳಿನಿಂದಲೇ ಚಕ್ರ ಹಿಡಿದೆ. ಹಿಂದಕ್ಕೆ ತಂದೆ, ಮುಂದಕ್ಕೆ ತಿರುಗಿಸಿದೆ. ಒಳಗೆ ಏನೋ ಸಡಿಲವಾಯಿತು. ಕೊಳವೆ ಎರಡು ಸಲ ಕೆಮ್ಮಿ ನೀರು ಕಕ್ಕಿತು. ಬಕೆಟ್ ಸಾಲಿನ ಹಿಂದಿನವರು, "ನಮಗೂ ತೋರಿಸಿ, ನಮಗೂ ತೋರಿಸಿ," ಎಂದು ನೂಕಾಡುತ್ತ ಮುಂದೆ ಬಂದರು.