ಮೊಣಕೈಯೆತ್ತರ

ಶಶಿರೇಖಾಳ ಮರ ಕಡೆಯುವ ಲೇತು ನಾಲ್ಕು ಇಂಚು ಮೇಲೇರಿತ್ತು. ಗಂಗಾಧರಸ್ವಾಮಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದನ್ನು ನೋಡಿಯೇ.

ಗುಂಡ್ಲುಪೇಟೆಯಲ್ಲಿ ಅವಳಪ್ಪ ಸಿದ್ದಮಲ್ಲಪ್ಪನವರದು ಮೋಟಾರ್ ವೈಂಡಿಂಗ್ ಅಂಗಡಿ. ಹಿಂದಿನ ಶೆಡ್ಡು ಮಾತ್ರ ಮಗಳದು. ಗುಜರಿಗೆ ಹೋಗಬೇಕಿದ್ದ ಪಂಪಿನ ಮೋಟಾರಿನಿಂದ ತಾನೇ ಕೂಡಿಸಿದ ಲೇತು, ಹಳೆಯ ಅರಗಳನ್ನು ತೇದು ಮಾಡಿಕೊಂಡ ಉಳಿಗಳು. ಭಾನುವಾರ ಬಂತೆಂದರೆ ಬುಗುರಿ, ಲಟ್ಟಣಿಗೆ, ಕುಂಕುಮದ ಭರಣಿ ಎಂದು ಏನಾದರೊಂದು ಕಡೆಯುತ್ತ ಕೂದಲೆಲ್ಲ ಮರದ ಹೊಟ್ಟು ಮಾಡಿಕೊಳ್ಳುತ್ತಿದ್ದಳು. ರೆಪ್ಪೆಯ ಮೇಲಿನ ಹೊಟ್ಟನ್ನೂ ಒರೆಸಿಕೊಳ್ಳದೆ ಅವಳು ನಕ್ಕರೆ ಗಂಗಾಧರನಿಗೆ ಆಡಬೇಕಾದ ಮಾತೇ ಮರೆತುಹೋಗುತ್ತಿತ್ತು.

ಅವನು ಹರದನಹಳ್ಳಿಯ ಅರಿಶಿನದ ಬೆಳೆಗಾರ. ಚಾಮರಾಜನಗರದ ಅಷ್ಟೂ ವೈಂಡಿಂಗ್ ಅಂಗಡಿಗಳನ್ನು ದಾಟಿಕೊಂಡು, ಬೈಕಿಗೆ ಪಂಪಿನ ಮೋಟಾರ್ ಬಿಗಿದುಕೊಂಡು, ಈ ವರ್ಷ ಏಳು ಸಲ ಇಲ್ಲಿಗೆ ಬಂದಿದ್ದ. ಅವಳಪ್ಪ ಮೋಟಾರ್ ಬಿಚ್ಚಿ ನೋಡುವಷ್ಟು ಹೊತ್ತೂ ಶೆಡ್ಡಿನ ಬಾಗಿಲ ಕಂಬಕ್ಕೊರಗಿ ಕೈಕಟ್ಟಿ ನಿಂತಿರುತ್ತಿದ್ದ. “ಲೇತು ನಿಂತೋರ ಮೊಣಕೈ ಎತ್ತರಕ್ಕಿರ್ಬೇಕು ಕಣ್ರೀ. ಇಲ್ದಿದ್ರೆ ಸೊಂಟ ಬಿದ್ದೋಯ್ತದೆ” ಎಂದು ಅವಳು ಹೇಳಿದ್ದು ಹಾಗೆ ನಿಂತಾಗಲೇ.

ಎಂಟನೆಯ ಸಲ ಇವತ್ತು ಬಂದರೆ ಇದೇನಿದು! ಲೇತಿನ ಕಾಲುಗಳ ಕೆಳಗೆ ಹೊಸ ಮರದ ದಿಂಡುಗಳು. ಅವಳ ಮೊಣಕೈಗೆ ಈ ಎತ್ತರ ಹೊಂದುವುದಿಲ್ಲ. ಹಾಗಾದರೆ ಇಲ್ಲಿ ನಿಲ್ಲುವ ಉದ್ದನೆಯ ಆಸಾಮಿ ಯಾರು?

ಯಾರೆಂದು ಕೇಳಬೇಕೆ? ಕೇರಳದ ಬತ್ತೇರಿಯ ಬೈಜು! ವಾರಕ್ಕೊಮ್ಮೆ ಜೀಪಿನಲ್ಲಿ ಹಲಸಿನ ಮರದ ತುಂಡು ತಂದು ಹಾಕುವ, ಆರಡಿಯ, ಗುಂಗುರು ಕೂದಲಿನ ಬೈಜು. ಈಗಷ್ಟೇ ಅವನನ್ನು “ಶರಿ ಚೇಟ್ಟಾ” ಎಂದು ನಗುನಗುತ್ತ ಕಳಿಸಿದ್ದಳು. ಚೇಟ್ಟ ಅಂದರೆ ಅಣ್ಣ ಎಂದು ಗಂಗಾಧರನಿಗೂ ಗೊತ್ತು. ಆ ಕಡೆ ಹೆಂಗಸರು ಗಂಡನನ್ನೂ ಹಾಗೇ ಕರೆಯುತ್ತಾರೆ ಎಂಬುದೂ ಗೊತ್ತು. ಹಾಳಾದ್ದು, ಅದೇ ಮೊದಲು ನೆನಪಾಯಿತು.

ಇವತ್ತು ಹೇಳಿಯೇಬಿಡುತ್ತೇನೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತನ್ನು ಅವನು ಗಂಟಲಲ್ಲೇ ನುಂಗಿದ.

“ಇನ್ಮೇಲೆ ಮೋಟ್ರು ತರಕಿಲ್ಲ. ಚಾಮ್ರಾಜನಗರದಲ್ಲೇ ಮಾಡಿಸ್ಕತೀನಿ.”

ಉಳಿ ಹಿಡಿದ ಅವಳ ಕೈ ನಿಂತಿತು. “ಯಾಕೆ? ನಮ್ಮಪ್ಪನ ಕೆಲಸ ಸರಿಗಿಲ್ವಾ?”

“ಕೆಲಸ ಸರ್ಯಾಗದೆ. ಲೇತು ಯಾಕೋ ಎತ್ತರ ಆಗೋಯ್ತು.”

ಶಶಿರೇಖಾ ಸ್ವಿಚ್ ಆರಿಸಿದಳು. ಓರೆಗಣ್ಣಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಉದ್ದ ಇರೋರೊಬ್ರು ಕಲಿಯಕ್ಕೆ ಬರ್ಲಿ ಅಂತ ಏರಿಸ್ದೆ.”

“ಬರ್ತಾರೆ ಬುಡಿ. ಜೀಪಲ್ಲೇ ಬರ್ತಾರೆ.”

“ಜೀಪಲ್ಲಾ?” ಒಂದು ಗಳಿಗೆ ಕಣ್ಣರಳಿಸಿದವಳು ಕಿಲಕಿಲ ನಕ್ಕುಬಿಟ್ಟಳು. “ಅಯ್ಯೋ ನಿಮ್ಮ! ಬೈಜು ಚೇಟ್ಟಂಗೆ ಈ ಸದ್ದು ಕೇಳುದ್ರೇ ತಲೆನೋವು. ಬನ್ನಿ ಇಲ್ಲಿ.”

ತೋಳು ಹಿಡಿದೆಳೆದು ಲೇತಿನ ಮುಂದೆ ನಿಲ್ಲಿಸಿದಳು. ಮೊಣಕೈ ಸರಿಯಾಗಿ ಹೊಂದಿತು.

“ಬೈಜೂಗೂ ಸರೋಯ್ತದೆ” ಎಂದ ಗಂಗಾಧರ. ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುತ್ತದೆಯೇ?

“ಓಗಿ, ನೀವು ನಿಂತ್ಕಳೋ ಆ ಕಂಬ ನೋಡ್ಕಂಬನ್ನಿ.”

ನೋಡಿದ. ಕಂಬದ ಮೇಲೆ, ಅವನ ಮೊಣಕೈಯ ಮಟ್ಟದಲ್ಲಿ, ಪೆನ್ಸಿಲ್ಲಿನ ಸಣ್ಣ ಗೆರೆಗಳು, ಒಂದರ ಮೇಲೊಂದು, ಏಳು. ಪ್ರತಿ ಗೆರೆಯ ಪಕ್ಕ ಒಂದೊಂದು ತಾರೀಕು. ಮೊದಲನೆಯದು ಅವನು ಮೊಟ್ಟಮೊದಲು ಇಲ್ಲಿಗೆ ಬಂದ ದಿನದ್ದು.

“ನೀವು ಹೊಂಟೋದ್ಮೇಲೆ ನಿಮ್ಮ ಮೊಣಕೈ ಇದ್ದ ಕಡೆ ಗೆರೆ ಎಳೀತಿದ್ದೆ” ಎಂದಳು ಹಿಂದಿನಿಂದ, ದನಿ ಈಗ ಸಣ್ಣದಾಗಿತ್ತು. “ಏಳ್ ಸಲ ತಂದ್ರಲ್ಲ, ಒಂದ್ ಸಲನಾದ್ರೂ ಮೋಟ್ರು ಸುಟ್ಟಿತ್ತಾ? ನಮ್ಮಪ್ಪ ಬಿಚ್ಚಿ ನೋಡಿ ನೋಡಿ ನಗ್ತಾರೆ.”

ಗಂಗಾಧರನ ಕಿವಿ ಕೆಂಪಾಯಿತು. “ಮೋಟ್ರು ಚೆನ್ನಾಗೇ ಇತ್ತು. ನಿನ್ನ ನೋಡ್ದೆ ಇರಕ್ಕಾಯ್ತಿರ್ಲಿಲ್ಲ ಕಣಮ್ಮಿ.”

ಬಹುವಚನ ಜಾರಿಹೋದದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಅದನ್ನು ತಿದ್ದಲಿಲ್ಲ.

“ಲೇತು ನನ್ನೆತ್ತರಕ್ಕಾದ್ರೆ ನೀನೆಂಗೆ ಕೆಲಸ ಮಾಡೀಯೆ?”

ಅವಳು ಲೇತಿನ ಅಡಿಯಿಂದ ಕಾಲಿನಲ್ಲೇ ಒಂದು ಮಣೆಯನ್ನು ಎಳೆದು, ಅದರ ಮೇಲೆ ಹತ್ತಿ ನಿಂತಳು. ಇಷ್ಟು ದಿನ ತಲೆಯೆತ್ತಿ ನೋಡುತ್ತಿದ್ದ ಆ ಕಣ್ಣುಗಳು ಈಗ ಅವನ ಕಣ್ಣಿಗೆ ನೇರವಾಗಿದ್ದವು. ರೆಪ್ಪೆಯ ಮೇಲಿನ ಹೊಟ್ಟನ್ನು ಗಂಗಾಧರ ಹೆಬ್ಬೆರಳಿನಿಂದ ಒರೆಸಿದ.

“ಮುಂದಿನ್ ಸಲ ಮೋಟ್ರು ಕಟ್ಕಂಡ್ ಬರ್ಬ್ಯಾಡ” ಎಂದಳು ಶಶಿರೇಖಾ. “ನಿಮ್ಮವ್ವನ ಕರ್ಕಂಡ್ ಬಾ.”